೨೧೪೭ನೇ ಫೈಲು

"ಹತ್ತು ಸಾಲಿರಲಿ, ಹತ್ತು ಪುಟ ಇರಲಿ, ಕಳವು ಕಳವನ ಅಲ್ರಿ?" ಎಂದು ಅವಧೂತ ಇನಾಮತಿ ಮೇಜಿನ ಮೇಲಿನ ಕಾಗದವನ್ನು ಒಂದೇ ಬೆರಳಿನಿಂದ ನೀಲಿಮಾಳ ಕಡೆಗೆ ನೂಕಿದ.

ನೂಕಿದ ರೀತಿಗೇ ನೀಲಿಮಾಳ ಮೈ ಉರಿಯಿತು. ಎಂಜಲು ತಟ್ಟೆ ಸರಿಸುವ ಹಾಗೆ ಸರಿಸಿದ್ದ. ಆ ಕಾಗದದ ಮೇಲಿದ್ದ ಹತ್ತು ಸಾಲುಗಳಿಗಾಗಿ ರೇಣು ಎಂಬ ಇಪ್ಪತ್ನಾಲ್ಕು ವರ್ಷದ ಹುಡುಗಿ ಹನ್ನೆರಡು ದಿನಗಳಿಂದ ಯೆರವಡಾ ಜೈಲಿನಲ್ಲಿದ್ದಳು. ಅವಳ ಜಾಮೀನು ಅರ್ಜಿ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಕೋರ್ಟಿನ ಮುಂದೆ ಬರಲಿತ್ತು. ಗೋಡೆಯ ಗಡಿಯಾರದಲ್ಲಿ ಆಗಲೇ ಹನ್ನೊಂದೂ ಐದು.

ಅವಧೂತ ಇನಾಮತಿ 'ಊರ್ಧ್ವ ಲಿಫ್ಟ್ ಕೇರ್' ಕಂಪನಿಯ ಮಾಲೀಕ. ಬೆಳಗಾವಿಯಿಂದ ಬಂದು ಪುಣೆಯಲ್ಲಿ ಮೂವತ್ತು ವರ್ಷಗಳಲ್ಲಿ ಬೆಳೆದು ನಿಂತ ಆಸಾಮಿ. ಊರಿನ ಮೂರು ಸಾವಿರ ಚಿಲ್ಲರೆ ಲಿಫ್ಟುಗಳ ತಪಾಸಣೆ ಅವನ ಕಂಪನಿಯ ಕೈಯಲ್ಲಿತ್ತು. ಕೋಥರೂಡಿನ ಈ ನಾಲ್ಕನೇ ಮಹಡಿಯ ಕಚೇರಿಯಲ್ಲಿ ಅವನು ಆಳುಗಳೊಂದಿಗೆ ಮರಾಠಿಯಲ್ಲಿ ಗದರುತ್ತಿದ್ದ, ನೀಲಿಮಾಳೊಂದಿಗೆ ಮಾತ್ರ ನಯವಾದ ಕನ್ನಡ ತೆಗೆದಿದ್ದ. ನಮ್ಮ ಕಡೆಯವರು, ಮನೆಮಂದಿ ಇದ್ದ ಹಾಗೆ ಎಂದು ಬಂದಾಗಿನಿಂದ ಮೂರು ಸಲ ಹೇಳಿದ್ದ. ಕುರ್ಚಿ ಮಾತ್ರ ಒಂದೇ ತರಿಸಿದ್ದ.

ಎರಡನೆಯ ಕುರ್ಚಿ ಬೇಕಾಗಿದ್ದವಳು ಬಾಗಿಲ ಹತ್ತಿರ ಗೋಡೆಗೆ ಆನಿಕೊಂಡು ನಿಂತಿದ್ದಳು. ಅವಳು ಕಲ್ಲವ್ವ, ರೇಣುವಿನ ತಾಯಿ. ಬೆಳಿಗ್ಗೆ ಒಂಬತ್ತಕ್ಕೆ ನೀಲಿಮಾ ಮನೆಯಿಂದ ಹೊರಬೀಳುವಾಗ ಬಾಗಿಲಲ್ಲಿ ಕಾಯುತ್ತಿದ್ದಳು. ತಾನೂ ಬರುತ್ತೇನೆ, ಆ ಮನುಷ್ಯನ ಮುಖ ಒಮ್ಮೆ ನೋಡಬೇಕು ಎಂದಿದ್ದಳು. ಬೇಡವೆನ್ನಲು ನೀಲಿಮಾಳಿಗೆ ಬಾಯಿ ಬರಲಿಲ್ಲ. ಕಲ್ಲವ್ವ ಬರುವ ಸಂಗತಿಯನ್ನು ಅವಳು ಯಾರಿಗೂ ತಿಳಿಸಿರಲೂ ಇಲ್ಲ.

ನೀಲಿಮಾ ಎದ್ದು ತನ್ನ ಕುರ್ಚಿಯನ್ನೇ ಎಳೆದು ಕಲ್ಲವ್ವನ ಮುಂದಿಟ್ಟಳು. "ಕೂಡ್ರಿ ಕಲ್ಲವ್ವಾ." ತಾನು ನಿಂತೇ ಮಾತಾಡಿದಳು. ನಿಂತರೆ ಸಿಟ್ಟು ಹತೋಟಿಯಲ್ಲಿರುತ್ತದೆ ಎಂಬುದು ಅವಳ ಅನುಭವ.

ಕಂಪ್ಯೂಟರುಗಳಲ್ಲಿ ಅಡಗಿ ಕೂತ ಪುರಾವೆಗಳನ್ನು ಹೊರತೆಗೆಯುವುದು ನೀಲಿಮಾ ಹುಯಿಲಗೋಳಳ ಕಸುಬು. ಧಾರವಾಡ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಬ್ಯಾಂಕುಗಳಿಗೆ, ವಕೀಲರಿಗೆ, ಹಿಂದೊಮ್ಮೆ ಪೊಲೀಸರಿಗೂ ಕೆಲಸ ಮಾಡಿಕೊಟ್ಟಿದ್ದಳು. ಪೊಲೀಸರಿಗೆ ಮಾಡಿಕೊಟ್ಟದ್ದರ ನೆನಪು ಈಗ ಅವಳನ್ನು ಚುಚ್ಚುತ್ತಿತ್ತು.

ಏಕೆಂದರೆ ಆ ಹತ್ತು ಸಾಲುಗಳ ಜೊತೆಗೆ ಲಗತ್ತಾಗಿದ್ದ ತಜ್ಞರ ವರದಿಯಲ್ಲಿ ಒಂದು ವಾಕ್ಯವಿತ್ತು: 'ಸ್ವಯಂಚಾಲಿತ ಸಾಧನದ ನೆರವಿನಿಂದ ಸರ್ವರಿನ ಭದ್ರತೆಯನ್ನು ಭೇದಿಸಿ ಗೋಪ್ಯ ಕಡತಗಳನ್ನು ಅಪಹರಿಸಲಾಗಿದೆ.' ಆ ವಾಕ್ಯವನ್ನು ಒಂಬತ್ತು ವರ್ಷಗಳ ಹಿಂದೆ ಬರೆದವಳು ನೀಲಿಮಾ. ಪರೀಕ್ಷೆಯ ಫಲಿತಾಂಶಗಳನ್ನು ಒಟ್ಟಿಗೆ ಇಳಿಸಿಕೊಂಡಿದ್ದ ಒಬ್ಬ ಗುಮಾಸ್ತನ ವಿರುದ್ಧ ಬರೆದಿದ್ದಳು. ಅವನ ನೌಕರಿ ಹೋಯಿತು. ಅವಳ ವಾಕ್ಯ ಮಾತ್ರ ಉಳಿದುಕೊಂಡು, ಒಂದು ವರದಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಈಗ ರೇಣುವಿನ ಕೊರಳಿಗೆ ಬಂದು ಬಿದ್ದಿತ್ತು. ಇದನ್ನು ನೀಲಿಮಾ ಯಾರೊಂದಿಗೂ ಹೇಳಿಕೊಂಡಿರಲಿಲ್ಲ. ಅವಳ ಸಿಟ್ಟಿನಲ್ಲಿ ಅರ್ಧ ಪಾಲು ತನ್ನ ಮೇಲೆಯೇ ಇತ್ತು.

"ಇದರಾಗ ಏನು ಬರದದ ಅಂತ ನಿಮಗ ಗೊತ್ತೇನ್ರಿ?" ಎಂದು ಕೇಳಿದಳು.

ಅದೆಲ್ಲ ತಜ್ಞರ ಕೆಲಸ, ತನಗೆ ಲಿಫ್ಟು ಗೊತ್ತು, ಕಂಪ್ಯೂಟರು ಗೊತ್ತಿಲ್ಲ ಎಂದ ಅವಧೂತ.

"ಹಂಗಾದ್ರ ಕೇಳ್ರಿ. ನಾ ಓದ್ತೀನಿ."

ಕಂಪ್ಯೂಟರಿಗೆ ಕೊಟ್ಟ ಅಪ್ಪಣೆಗಳನ್ನು ಅವಳು ಒಂದೊಂದಾಗಿ ಓದಿ ಹೇಳಿದಳು. ಮೊದಲ ಸಾಲು ಕಂಪನಿಯ ಜಾಲತಾಣದ ವಿಳಾಸ. ಆಮೇಲೆ ಒಂದರಿಂದ ಮೂರು ಸಾವಿರದ ಇನ್ನೂರ ಅರವತ್ತರವರೆಗೆ ಎಣಿಸು ಎಂಬ ಮಾತು. ಎಣಿಸಿದ ಅಂಕಿಯನ್ನು ವಿಳಾಸದ ತುದಿಗೆ ಹಚ್ಚು, ಆ ಫೈಲನ್ನು ಇಳಿಸಿಕೊ. ಸಿಕ್ಕರೆ ಸಿಕ್ಕಿತೆಂದು, ಸಿಗದಿದ್ದರೆ ಸಿಗಲಿಲ್ಲವೆಂದು ವೇಳೆ ಹಾಕಿ ಒಂದು ಪಟ್ಟಿಯಲ್ಲಿ ಬರೆದಿಡು. ಐದು ಸೆಕೆಂಡು ಸುಮ್ಮನಿರು. ಮುಂದಿನ ಅಂಕಿಗೆ ಹೋಗು. ಇಷ್ಟೇ. ಪಾಸ್‌ವರ್ಡ್ ಮುರಿಯುವ ಮಾತು ಎಲ್ಲಿಯೂ ಇರಲಿಲ್ಲ, ಮುರಿಯಲು ಪಾಸ್‌ವರ್ಡೇ ಇರಲಿಲ್ಲ.

"ಐದು ಸೆಕೆಂಡು ಯಾಕ ಸುಮ್ಮನಿರಬೇಕು, ಗೊತ್ತದ ಏನ್ರಿ? ನಿಮ್ಮ ಸರ್ವರಿಗೆ ಭಾರ ಆಗಬಾರದು ಅಂತ. ಅಕಿ ಬಿಡಬಹುದಿತ್ತು ಆ ಸಾಲು. ಒಂದು ತಾಸಿನ್ಯಾಗ ಮುಗೀತಿತ್ತು. ಐದೂವರಿ ತಾಸು ಕೂತಾಳ. ಅಪ್ಪನ್ನ ಮಣ್ಣು ಮಾಡಿ ಮೂರು ದಿನ ಆಗಿತ್ತು."

ಅವಧೂತ ಪೇಪರ್‌ವೇಟು ತಿರುಗಿಸುತ್ತ ಕೂತ. ಕಲ್ಲವ್ವ ತಲೆ ತಗ್ಗಿಸಿದಳು.

ರೇಣುವಿನ ಅಪ್ಪ ಫಕೀರಪ್ಪ ಕೋಥರೂಡಿನ ಒಂದು ವಸತಿ ಸೊಸೈಟಿಯಲ್ಲಿ ಹತ್ತೊಂಬತ್ತು ವರ್ಷ ವಾಚ್‌ಮನ್ ಆಗಿದ್ದ. ಮಾರ್ಚ್ ಹದಿಮೂರರ ಮಧ್ಯಾಹ್ನ ಎ ವಿಂಗಿನ ಲಿಫ್ಟು ಐದನೇ ಮಹಡಿಯ ಹತ್ತಿರ ಸಿಕ್ಕಿಕೊಂಡಿತು. ಒಳಗೆ ಇಂದೂ ಎಂಬ ಎಪ್ಪತ್ತರ ಅಜ್ಜಿ ಒಬ್ಬಳೇ ಇದ್ದಳು. ಕಂಪನಿಗೆ ಫೋನು ಹೋಗಿ ನಲವತ್ತು ನಿಮಿಷವಾದರೂ ಯಾರೂ ಬರಲಿಲ್ಲ. ಅಜ್ಜಿ ಉಸಿರುಗಟ್ಟಿ ಅಳತೊಡಗಿದಾಗ ಫಕೀರಪ್ಪ ಬಾಗಿಲು ಸರಿಸಿ ಒಳಗಿಳಿದು, ಅವಳನ್ನು ಎತ್ತಿ ಮೇಲಿದ್ದವರ ಕೈಗೆ ಕೊಟ್ಟ. ತಾನು ಹತ್ತಿ ಬರುವಷ್ಟರಲ್ಲಿ ಲಿಫ್ಟಿನ ಉಕ್ಕಿನ ಹಗ್ಗ ಕಡಿಯಿತು.

ವಾಚ್‌ಮನ್ ಬಲವಂತದಿಂದ ಬಾಗಿಲು ತೆರೆದದ್ದೇ ಅಪಘಾತಕ್ಕೆ ಕಾರಣ, ಫೆಬ್ರುವರಿ ಇಪ್ಪತ್ತಾರರಂದೇ ಆ ಲಿಫ್ಟಿನ ತಪಾಸಣೆ ಆಗಿತ್ತು ಎಂದು ಕಂಪನಿ ಹೇಳಿಕೆ ಕೊಟ್ಟಿತು.

ರೇಣು ಒಂದು ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುವ ಕೆಲಸದಲ್ಲಿದ್ದಳು. ಆ ತಪಾಸಣಾ ಪತ್ರವನ್ನು ತನ್ನ ಕಣ್ಣಿನಿಂದ ನೋಡಬೇಕು ಎಂದು ಹಟ ಹಿಡಿದಳು. ಕಂಪನಿಯ ಪ್ರತಿ ಲಿಫ್ಟಿನ ಹತ್ತಿರ ಒಂದು ಕ್ಯೂಆರ್ ಸ್ಟಿಕ್ಕರ್ ಇರುತ್ತದೆ, ಮೊಬೈಲು ಹಿಡಿದರೆ ಪತ್ರ ತೆರೆಯುತ್ತದೆ. ಬಿ ವಿಂಗಿನದು ತೆರೆಯಿತು, ಅದರ ಸಂಖ್ಯೆ 2146. ಅಪ್ಪ ಸತ್ತ ಎ ವಿಂಗಿನದು 2147. ಅದು ತೆರೆಯಲಿಲ್ಲ. ಬೇರೆ ಸಂಖ್ಯೆಯ ಕೆಳಗೆ ತಪ್ಪಾಗಿ ಸೇರಿರಬಹುದೇ ಎಂದು ಎಲ್ಲ ಪತ್ರಗಳನ್ನೂ ಇಳಿಸಿಕೊಳ್ಳಲು ಅವಳು ಆ ಹತ್ತು ಸಾಲು ಬರೆದಳು. ಅಪ್ಪನ ಲಿಫ್ಟಿನ ಕಾಗದ ಸಿಗಲಿಲ್ಲ. ಸಿಕ್ಕದ್ದು ಬೇರೆಯೇ ಒಂದು ಸಂಗತಿ. ಅದನ್ನು ಬರೆದು ಕಂಪನಿಗೆ ಮೇಲ್ ಮಾಡಿದಳು. ಮರುದಿನ ಬೆಳಿಗ್ಗೆ, ಮಾರ್ಚ್ ಇಪ್ಪತ್ತರಂದು, ಪೊಲೀಸರು ಮನೆ ಬಾಗಿಲಿಗೆ ಬಂದರು.

ನೀಲಿಮಾ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟು, ಮಾತುಕತೆಯನ್ನು ರೆಕಾರ್ಡ್ ಮಾಡುತ್ತಿರುವುದಾಗಿ ಹೇಳಿದಳು. ಅವಧೂತ ನಕ್ಕು, ಧಾರಾಳವಾಗಿ ಮಾಡಿಕೊಳ್ಳಿ ಎಂದ. ಆ ನಗು ಅವಳಿಗೆ ಬೇಕಾಗಿತ್ತು. ಧೈರ್ಯವಿದ್ದವರು ಹೆಚ್ಚು ಮಾತಾಡುತ್ತಾರೆ.

ಕೆಳಗೆ ಈ ಕಟ್ಟಡದ ಲಿಫ್ಟಿನ ಸ್ಟಿಕ್ಕರಿಗೆ ತಾನು ಮೊಬೈಲು ಹಿಡಿದು ಬಂದದ್ದನ್ನೂ ಹೇಳಿದಳು. ಇದೇ ಕಟ್ಟಡದ ಪತ್ರ ತೆರೆದಿತ್ತು. ತುದಿಯ ಅಂಕಿ ಒಂದು ಹೆಚ್ಚಿಸಿದ್ದಕ್ಕೆ ಮುಂದಿನ ಬೀದಿಯ ಕಟ್ಟಡದ್ದು ಬಂದಿತ್ತು. ತಾನೂ ಕಳ್ಳಿಯೇ ಎಂದು ಕೇಳಿದಳು.

ಒಂದನ್ನು ಕೈಯಿಂದ ನೋಡುವುದು ಬೇರೆ, ಯಂತ್ರ ಹಚ್ಚಿ ಮೂರು ಸಾವಿರ ಬಾಚಿಕೊಳ್ಳುವುದು ಬೇರೆ ಎಂದ ಅವಧೂತ. ಆ ಹುಡುಗಿಗೆ ತನ್ನ ಕಂಪನಿಯ ಹೆಸರು ಕೆಡಿಸಬೇಕಾಗಿತ್ತು, ಅಷ್ಟೇ.

"ಅಕಿ ಲ್ಯಾಪ್‌ಟಾಪಿನ್ಯಾಗ ಸಿಕ್ಕ ಪಟ್ಟಿ ಖರೇದ್ದನೋ ಸುಳ್ಳೋ? ಯಾವ ಫೈಲು ಯಾವಾಗ ಇಳಿಸಿಕೊಂಡ್ಲು ಅಂತ ಬರದದ ಅಲ್ಲ, ಅದು."

"ಖರೇದ್ದ ಅದ. ನಮ್ಮ ತಜ್ಞರೂ ನೋಡ್ಯಾರ, ಪೊಲೀಸರೂ ಸೀಲ್ ಮಾಡ್ಯಾರ. ಅದರ ಮ್ಯಾಲೇ ಕೇಸು ನಿಂತದ."

"ಒಂದು ಅಕ್ಷರ ಹೆಚ್ಚು ಕಡಿಮಿ ಇಲ್ಲಲ್ರಿ?"

"ಇಲ್ಲ್ರಿ. ಎಷ್ಟು ಸಲ ಹೇಳಬೇಕು?"

"2147ರ ಪತ್ರ ನಿಮ್ಮ ಸೈಟಿನ ಮ್ಯಾಲೆ ಯಾವಾಗ ಹಾಕಿದ್ರಿ?"

ಅವಧೂತ ಬೇಸರದಿಂದ, ಪೊಲೀಸರಿಗೆ ಕೊಟ್ಟಿದ್ದ ತನ್ನ ಹೇಳಿಕೆಯ ಪ್ರತಿಯನ್ನು ತೋರಿಸಿದ. ಫೆಬ್ರುವರಿ ಇಪ್ಪತ್ತಾರು, ತಪಾಸಣೆಯಾದ ದಿನವೇ. ಅಂದಿನಿಂದ ಅಲ್ಲಿಯೇ ಇದೆ, ಯಾರೂ ತೆಗೆದಿಲ್ಲ, ಮುಟ್ಟಿಲ್ಲ. ಕೆಳಗೆ ಅವನ ಸಹಿ.

ನೀಲಿಮಾ ಚೀಲದಿಂದ ಪಟ್ಟಿಯ ಮೂವತ್ತೊಂಬತ್ತನೇ ಪುಟ ತೆಗೆದು ಅವನ ಹೇಳಿಕೆಯ ಪಕ್ಕಕ್ಕಿಟ್ಟಳು. ಪೊಲೀಸರ ಮುದ್ರೆ ಇದ್ದ ಪುಟ. ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ. ಮಾರ್ಚ್ ಹದಿನಾರು, ಸಂಜೆ ಐದೂ ಮೂವತ್ನಾಲ್ಕು. ಫೈಲು 2147. ಸಿಗಲಿಲ್ಲ.

ಅವಧೂತ ಎರಡು ಸಲ ಓದಿದ. ತಿರುಗುತ್ತಿದ್ದ ಪೇಪರ್‌ವೇಟು ನಿಂತಿತು.

"ಹಿಂದಿನ ಫೈಲು ಸಿಕ್ಕದ, ಮುಂದಿಂದು ಸಿಕ್ಕದ. ನಡುವಿಂದು ಇಲ್ಲ. ಫಕೀರಪ್ಪ ಸತ್ತು ಮೂರು ದಿನ ಆದ ಮ್ಯಾಲೂ ಆ ಕಾಗದ ಇರಲಿಲ್ಲ. ಈಗ ನೀವ ಹೇಳ್ರಿ, ಪಟ್ಟಿ ಖರೇನೋ, ನಿಮ್ಮ ಸಹಿ ಖರೇನೋ?"

ಅವನು ಸಾವರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಕಂಪ್ಯೂಟರು ಬಲ್ಲ ಹುಡುಗಿ, ಪಟ್ಟಿಯನ್ನು ಅವಳೇ ತಿದ್ದಿರಬಹುದು ಎಂದ.

"ತಿದ್ದಿದ ಪಟ್ಟಿ ಅಂದ್ರ ಸುಳ್ಳು ಪಟ್ಟಿ. ಸುಳ್ಳು ಪಟ್ಟಿ ಮ್ಯಾಲೆ ಒಂದು ಹುಡುಗೀನ ಹನ್ನೆರಡು ದಿನ ಜೈಲಿನ್ಯಾಗ ಇಟ್ಟೀರಿ. ಯಾವುದು ಬೇಕೋ ಆರಿಸಿಕೊಳ್ರಿ. ಎರಡೂ ಸಿಗೂದಿಲ್ಲ."

ಅವಳ ದನಿ ಏರಿರಲಿಲ್ಲ. ಚೀಲದಿಂದ ಇನ್ನೊಂದು ಹಾಳೆ ತೆಗೆದಳು. ಇವತ್ತು ಬೆಳಿಗ್ಗೆ ರೇಣುವಿನ ಅದೇ ಹತ್ತು ಸಾಲುಗಳನ್ನು ಅವಳು ತನ್ನ ಕಂಪ್ಯೂಟರಿನಲ್ಲಿ ಓಡಿಸಿದ್ದಳು, ಆ ಐದು ಸೆಕೆಂಡುಗಳನ್ನೂ ಬಿಡದೆ, 2147 ಒಂದಕ್ಕೇ. ಈ ಸಲ ಫೈಲು ಬಂದಿತು. ಬರುವಾಗ ಅದನ್ನು ಸರ್ವರಿನಲ್ಲಿ ಇರಿಸಿದ ದಿನವನ್ನೂ ಹೊತ್ತು ತಂದಿತ್ತು. ಮಾರ್ಚ್ ಹದಿನೇಳು, ಬೆಳಿಗ್ಗೆ ಹನ್ನೊಂದೂ ನಲವತ್ತು. ಫೆಬ್ರುವರಿಯ ತಪಾಸಣೆಯ ಪತ್ರ ಹುಟ್ಟಿದ್ದು ಫಕೀರಪ್ಪ ಸತ್ತ ನಾಲ್ಕನೇ ದಿನ.

ಅವಧೂತ ಆ ಹಾಳೆಯನ್ನು ಮುಟ್ಟಲಿಲ್ಲ. ಅವನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿ ಬಂತು. ಹನ್ನೊಂದೂ ಮೂವತ್ತು.

"ಒಂದು ಕಾಗದ ತಡ ಆಗಿ ಏರಿಸಿರಬಹುದ್ರಿ, ಆಫೀಸಿನ ಹುಡುಗರ ಕೆಲಸ. ಅದರಿಂದೇನು ಹಗ್ಗ ಕಡೀತದೇನು? ನಿಮ್ಮ ವಾಚ್‌ಮನ್‌ಗ ಯಾರು ಹೇಳಿದ್ರು ಒಳಗ ಇಳಿ ಅಂತ? ಹತ್ತಬಾರದ್ದು ಹತ್ತಿದ, ಸತ್ತ."

ಕಲ್ಲವ್ವ ಎದ್ದು ನಿಂತಳು.

"ಹತ್ತೊಂಬತ್ತು ವರ್ಸ ಅವರು ಆ ಲಿಫ್ಟಿನ್ಯಾಗ ಕಾಲಿಟ್ಟಿದ್ದಿಲ್ರಿ," ಎಂದಳು. "ಆಳಮಂದಿ ಹತ್ತಬ್ಯಾಡ್ರಿ ಅಂತ ಬೋರ್ಡ್ ಐತ್ರಿ ಅಲ್ಲಿ. ಮಂದೀ ಮನಿ ಸಿಲಿಂಡರ್ ಹೊತ್ಕೊಂಡು ಮೆಟ್ಲ ಹತ್ಯಾರ. ಒಮ್ಮೆ ಹತ್ಯಾರ, ಮುದುಕಿ ಜೀವ ಉಳಸಾಕ. ನಿಮ್ಮ ಮಂದಿ ಬರಬೇಕಿತ್ರಿ ಆ ಕೆಲಸಕ್ಕ. ನಲವತ್ತು ನಿಮಿಷ ಎಲ್ಲಿ ಸತ್ತಿದ್ರಿ?"

ಅಳಲಿಲ್ಲ. ಹೇಳಿ ಮುಗಿಸಿ, ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು. ಅವಧೂತ ಅವಳ ಕಡೆ ನೋಡದೆ ಕಿಟಕಿಯ ಕಡೆ ನೋಡಿದ. ಅದನ್ನು ಕಂಡು ನೀಲಿಮಾಳಿಗೆ ಆ ಪೇಪರ್‌ವೇಟು ಎತ್ತಿ ಕಿಟಕಿಗೆ ಎಸೆಯಬೇಕು ಅನಿಸಿತು.

ಎಸೆಯಲಿಲ್ಲ. ಬದಲಿಗೆ ಆರು ಫೋಟೊಗಳನ್ನು ಒಂದರ ಪಕ್ಕ ಒಂದಿಟ್ಟಳು. ರೇಣುವಿಗೆ ಸಿಕ್ಕಿದ್ದ ಬೇರೆಯ ಸಂಗತಿ ಇದೇ. ಪ್ರತಿ ತಪಾಸಣಾ ಪತ್ರಕ್ಕೂ ಉಕ್ಕಿನ ಹಗ್ಗದ ಒಂದು ಫೋಟೊ ಅಂಟಿಸಿರುತ್ತಾರೆ, ಹಗ್ಗ ಗಟ್ಟಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಾಗಿ. ಆರೂ ಬೇರೆ ಬೇರೆ ಕಟ್ಟಡಗಳು, ಬೇರೆ ಬೇರೆ ತಿಂಗಳುಗಳು. ಆರರಲ್ಲೂ ಹಗ್ಗ ಹಿಡಿದಿದ್ದು ಒಂದೇ ಹೆಬ್ಬೆರಳು, ಉಗುರು ಪೆಟ್ಟು ಬಿದ್ದು ಕಪ್ಪಾದ ಹೆಬ್ಬೆರಳು. ಬೆಳಕು, ನೆರಳು, ಗ್ರೀಸಿನ ಕಲೆ, ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಒಮ್ಮೆ ತೆಗೆದ ಫೋಟೊವನ್ನೇ ಎಲ್ಲ ಕಡೆ ಅಂಟಿಸಿದ್ದರು.

"ಹಿಂತಾವು ನಾಲ್ಕು ನೂರಾ ಹನ್ನೆರಡು ಅದಾವ. ಅಕಿ ಒಂದೊಂದ ತೆಗೆದು ಎಣಿಸ್ಯಾಳ. ನಾಲ್ಕು ನೂರಾ ಹನ್ನೆರಡು ಲಿಫ್ಟಿನ ಹಗ್ಗ ಯಾರೂ ನೋಡಿಲ್ಲ. ಇವತ್ತೂ ಮಂದಿ ಅದರಾಗ ಹತ್ತಿ ಇಳೀಲಿಕ್ಕೆ ಹತ್ಯಾರ. ಸಾಲಿ ಹುಡುಗರು ಹತ್ತತಾವ. ಎಲ್ಲಾ ಇವತ್ತ ಬಂದ್ ಮಾಡಸ್ರಿ."

ಅದು ಅವಿನಾಶನ ಕೆಲಸ ಎಂದ ಅವಧೂತ. ಅವಿನಾಶ್ ಕಂಪನಿಯ ತಪಾಸಣಾ ಎಂಜಿನಿಯರು, ಎಲ್ಲ ಪತ್ರಗಳ ಮೇಲೂ ಅವನದೇ ಸಹಿ. ಮಾರ್ಚ್ ಹದಿನೆಂಟಕ್ಕೆ ಕೆಲಸ ಬಿಟ್ಟು ಸಾಸವಡದ ತನ್ನ ಮನೆಗೆ ಹೋದವನು ಫೋನು ಎತ್ತುತ್ತಿಲ್ಲವಂತೆ. ಎಲ್ಲ ತಪ್ಪನ್ನೂ ಇಲ್ಲದವನ ಹೆಗಲಿಗೇರಿಸಿ ಅವಧೂತ ಕುರ್ಚಿಗೆ ಒರಗಿದ.

ನೀಲಿಮಾ ಅವನ ಹೇಳಿಕೆ, ಪಟ್ಟಿಯ ಪುಟ, ಬೆಳಗಿನ ಹಾಳೆ ಈ ಮೂರರ ಫೋಟೊ ತೆಗೆದು ಅಲ್ಲಿಂದಲೇ ಪ್ರಣವನಿಗೆ ಕಳಿಸಿದಳು. ಪ್ರಣವ ರೇಣುವಿನ ವಕೀಲ. ಹುಬ್ಬಳ್ಳಿ ಕಡೆಯ ಹುಡುಗ, ಸುದ್ದಿ ಓದಿ ತಾನಾಗಿಯೇ ಮುಂದೆ ಬಂದು ವಕಾಲತ್ತು ಹಿಡಿದಿದ್ದ. ಪಟ್ಟಿಯ ಆ ಸಾಲಿನ ಸಂಗತಿಯನ್ನು ಅವಳು ನಿನ್ನೆ ಅವನೊಬ್ಬನಿಗೇ ಹೇಳಿದ್ದಳು. ಈ ಮೂರು ಪುಟಗಳನ್ನು ಜಡ್ಜರ ಮುಂದಿಟ್ಟರೆ ಸಾಕು ಎಂದು ಬರೆದಳು. ಸಿಕ್ಕವು ಎಂದು ಕೂಡಲೇ ಉತ್ತರ ಬಂತು.

"ಇವು ಈಗ ಕೋರ್ಟಿಗೆ ಹೋದುವು," ಎಂದಳು ಅವಧೂತನಿಗೆ. "ಲಿಫ್ಟಿನ ಪಟ್ಟಿ ಮಧ್ಯಾಹ್ನ ಪ್ರತಿ ಸೊಸೈಟಿಗೂ ಹೋಗ್ತದ. ನೀವು ಬಂದ್ ಮಾಡಸಲಿಲ್ಲಾಂದ್ರ ಹತ್ತೋ ಮಂದೀನ ಮಾಡಸ್ತಾರ."

ಇಷ್ಟು ಹೊಡೆತ ತಿಂದ ಮನುಷ್ಯ ಸಿಟ್ಟಿಗೇಳಬೇಕಾಗಿತ್ತು, ಇಲ್ಲವೇ ಬೇಡಿಕೊಳ್ಳಬೇಕಾಗಿತ್ತು. ಅವಧೂತ ಎರಡನ್ನೂ ಮಾಡಲಿಲ್ಲ. ಮತ್ತೊಮ್ಮೆ ಗಡಿಯಾರ ನೋಡಿದ. ಚಹಾ ತರಲು ಹೇಳಲೇ ಎಂದು ಕೇಳಿದ. ಆಮೇಲೆ ತಣ್ಣಗೆ, "ಹನ್ನೆರಡು ಹೊಡೀಲಿ ತಡೀರಿ ಬಾಯಾರ. ಅವಸರ ಯಾಕ?" ಎಂದ.

ಆ ಮಾತು ನೀಲಿಮಾಳಿಗೆ ಸರಿ ಬರಲಿಲ್ಲ. ಆದರೂ ಚಹಾ ಮುಟ್ಟದೆ ಕಲ್ಲವ್ವನನ್ನು ಕರೆದುಕೊಂಡು ಹೊರಬಿದ್ದಳು.

ಕಟ್ಟಡದ ಮುಂದಿನ ಬೇವಿನ ಮರದ ಕೆಳಗೆ ಇಬ್ಬರೂ ನಿಂತರು. ರಸ್ತೆಯಲ್ಲಿ ಬಸ್ಸು, ಸ್ಕೂಟರುಗಳ ಗದ್ದಲ. ಕಲ್ಲವ್ವ ಕಬ್ಬಿನ ಹಾಲಿನ ಗಾಡಿಯಿಂದ ಎರಡು ಗ್ಲಾಸು ತಂದು, ಒಂದನ್ನು ನೀಲಿಮಾಳ ಕೈಗೆ ಕೊಟ್ಟಳು. ಮಗಳು ಇವತ್ತೇ ಮನೆಗೆ ಬರುತ್ತಾಳೆಯೇ, ಕಾಗದಪತ್ರಕ್ಕೆ ನಾಳೆಯಾಗುತ್ತದೆಯೇ ಎಂದು ಕೇಳಿದಳು. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ನೀಲಿಮಾಳಿಗೂ ಎದೆ ಹಗುರವಾಗಿತ್ತು. ಆ ಹಳೆಯ ಗುಮಾಸ್ತನ ವಿಳಾಸ ಹುಡುಕಬೇಕು, ಅವನ ಎದುರಿಗೂ ಒಮ್ಮೆ ಹೋಗಿ ನಿಲ್ಲಬೇಕು ಎಂದು ಅವಳು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಳು.

ಹನ್ನೆರಡೂ ಇಪ್ಪತ್ತಕ್ಕೆ ಪ್ರಣವನ ಫೋನು ಬಂತು.

ಅವನ ದನಿಯಲ್ಲಿ ಗಾಬರಿಯಿತ್ತು. ಜೈಲಿನಿಂದ ವಿಡಿಯೊ ಮೂಲಕ ರೇಣುವನ್ನು ಜಡ್ಜರ ಮುಂದೆ ತಂದಿದ್ದರು. ಅವನು ಬಾಯಿ ತೆರೆಯುವ ಮೊದಲೇ ಅವಳು ಕೈ ಮುಗಿದು, ತನಗೆ ಜಾಮೀನು ಬೇಡ, ಕಂಪನಿಯ ಫೈಲುಗಳನ್ನು ಕದ್ದದ್ದು ನಿಜ, ಆ ಪಟ್ಟಿಯನ್ನು ತಿದ್ದಿದವಳೂ ತಾನೇ ಎಂದುಬಿಟ್ಟಳು. ಅರ್ಜಿ ಅಲ್ಲಿಗೇ ಮುಗಿಯಿತು. ನೀಲಿಮಾ ಕಳಿಸಿದ ಪುಟಗಳನ್ನು ತೋರಿಸಲು ಅವಕಾಶವೇ ಸಿಗಲಿಲ್ಲವಂತೆ.

ಪಟ್ಟಿ ತಿದ್ದಿದ ಮಾತು ಅವಧೂತನ ಬಾಯಿಂದ ಹೊರಬಿದ್ದು ಇನ್ನೂ ಒಂದು ತಾಸಾಗಿರಲಿಲ್ಲ. ಜೈಲಿನ ಗೋಡೆಯೊಳಗಿದ್ದ ರೇಣುವಿಗೆ ಅದು ಹೇಗೆ ಗೊತ್ತು?

"ಅಕಿಗೆ ಯಾರು ಏನು ಹೇಳಿದ್ರು, ಪ್ರಣವ?"

"ನಾನೂ ಅದ ವಿಚಾರಿಸಿದೆ ಅಕ್ಕಾರ. ಇವತ್ತು ಹತ್ತೂವರಿಗೆ ಒಬ್ರು ಅಕಿನ್ನ ನೋಡಲಿಕ್ಕೆ ಜೈಲಿಗೆ ಮುಲಾಕಾತಿಗೆ ಬಂದಿದ್ರಂತ. ಬ್ಯಾರೆ ಯಾರೂ ಅಲ್ಲ, ಅವರವ್ವ ಕಲ್ಲವ್ವ. ರಜಿಸ್ಟರಿನ್ಯಾಗ ಹೆಸರದ, ಆಧಾರ್ ಕಾರ್ಡ್ ತೋರಿಸ್ಯಾರ. ಅವ್ವ ಹೋಗಿ ಬಂದ ಮ್ಯಾಲೇ ಹುಡುಗಿ ಬದಲಾಗ್ಯಾಳ. ನೀವು ಕಳಸೋದಿದ್ರ ನನಗೊಂದು ಮಾತು ಹೇಳಬಾರದಾಗಿತ್ತೇನ್ರಿ?"

ಬೆಳಿಗ್ಗೆ ಒಂಬತ್ತರಿಂದ ಪಕ್ಕ ಬಿಟ್ಟು ಅಲುಗದ ಕಲ್ಲವ್ವ ಅರ್ಧ ಕುಡಿದ ಗ್ಲಾಸು ಹಿಡಿದು, ಏನಾಯಿತೆಂದು ನೀಲಿಮಾಳ ಮುಖವನ್ನೇ ನೋಡುತ್ತಿದ್ದಳು.

ಹಾಗಾದರೆ ಅವಳ ಹೆಸರಿನಲ್ಲಿ ಜೈಲಿಗೆ ಹೋಗಿ ಹುಡುಗಿಯನ್ನು ಹೆದರಿಸಿ ಬಂದವಳು ಬೇರೆ ಯಾರೋ. ನೀಲಿಮಾ ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿ, ಅಂಗೈಯಿಂದ ಮುಚ್ಚಿದಳು.

"ಕಲ್ಲವ್ವಾ, ನಿಮ್ಮ ಆಧಾರ್ ಕಾರ್ಡ್ ಎಲ್ಲದ?"

"ನನ್ನ ಹತ್ರ ಎಲ್ಲೈತ್ರಿ ಅಕ್ಕಾರ? ಜಾಮೀನಿಗೆ ಬೇಕಂತ ನಾಕು ದಿನದ ಹಿಂದ ಪ್ರಣವ ವಕೀಲ್ರು ಇಸ್ಕೊಂಡಾರಲ್ರಿ. ಅವರ ಕಡೇನ ಐತಿ."

ಅಂಗೈಯ ಕೆಳಗೆ ಪ್ರಣವನ ದನಿ ಸಣ್ಣಗೆ ಕೇಳುತ್ತಲೇ ಇತ್ತು. "ಹಲೋ... ಅಕ್ಕಾರ, ನಿಮ್ಮ ಜೋಡಿ ಯಾರಿದ್ದಾರ?"